ವಠಾರದ ಮನೆಯೂ ಊರಿನ ಗ್ರಂಥಾಲಯವೂ

ಅರಸೀಕೆರೆಯ ರೈಲ್ವೆ ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿ ನಮ್ಮ ತಂದೆಯವರು 1962ರಲ್ಲಿ ಕಟ್ಟಿಸಿದ ಆರು ಮನೆಗಳ ವಠಾರವೊಂದಿದೆ. ತಂದೆಯವರದು ಕೊಬ್ಬರಿಯ ವ್ಯಾಪಾರ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಹೀಗಾಗಿ ಇಲ್ಲಿ ಮನೆ ಕಟ್ಟಿಸುವವರು ಮನುಷ್ಯರಿಗೆಷ್ಟು ಸ್ಥಳ ಬೇಕೆಂದು ಯೋಚಿಸುವುದಕ್ಕೆ ಮೊದಲು ಕಾಯಿಗೆಷ್ಟು ಅಟ್ಟ ಬೇಕೆಂದು ಯೋಚಿಸುತ್ತಿದ್ದರು. ವಠಾರದ ಮನೆಗಳು ಚಿಕ್ಕವು. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಬೀದಿಬಾಗಿಲಿನ ಮೇಲೆ ತಗಡಿನ ಫಲಕವೊಂದು ಬಹಳ ವರ್ಷ ಇತ್ತು: “ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.” ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನು, ಅಕ್ಷರ ದುಂಡಗಿದೆಯೆಂದು ಅದನ್ನು ನನ್ನಿಂದಲೇ ಬರೆಸಿದ್ದರು.

1998ರ ಮಳೆಗಾಲದಲ್ಲಿ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬಾತ ತನ್ನ ಮಗನನ್ನು ಕರೆದುಕೊಂಡು ಬಂದ. ಆಗ ತಂದೆಯವರು ತೀರಿಕೊಂಡಿದ್ದರು. ವಠಾರದ ಹೊಣೆ ನನ್ನದಾಗಿತ್ತು. ಎರಡು ಮನೆಗಳು ಖಾಲಿ ಇದ್ದವು.

“ಯಜಮಾನರೇ, ತಿಂಗಳಿಗೆ ನಾನೂರು ಕೊಡ್ತೀನಿ. ಮುಂಗಡವೂ ತಂದಿದ್ದೀನಿ” ಎಂದ.

“ಊಟ ತಿಂಡಿ ಹೇಗಪ್ಪಾ ನಿಮ್ಮದು?” ಎಂದು ಕೇಳಿದೆ.

“ಹಬ್ಬ ಹರಿದಿನಕ್ಕೆ ಮಾಡ್ತೀವಿ. ಸುಳ್ಳು ಯಾಕೆ ಹೇಳ್ಲಿ?”

ಆಗುವುದಿಲ್ಲವೆಂದೆ. ಅವನು ಮರುಮಾತಾಡಲಿಲ್ಲ. ಅವನಿಗೆ ಓದು ಬರುತ್ತಿರಲಿಲ್ಲ. ಹಿಂದಿರುಗುವಾಗ ಮಗ ಬಾಗಿಲ ಬಳಿ ನಿಂತು, ನನ್ನ ದುಂಡಕ್ಷರವನ್ನು ನೋಡಿ, “ಇಲ್ಲೇ ಬರ್ದವ್ರೆ ಅಪ್ಪಾ, ನೋಡು” ಎಂದು ಪೂರ್ತಿ ಓದಿ ಹೇಳಿದ. ಸ್ಪಷ್ಟವಾಗಿ, ಒಂದು ಕಡೆಯೂ ತಡವರಿಸದೆ ಓದಿದ. ಶಿಕ್ಷಕನಾದ ನನಗೆ ಮೊದಲು ತೋರಿದ್ದು ಹುಡುಗ ಚೆನ್ನಾಗಿ ಓದುತ್ತಾನಲ್ಲ ಎಂಬುದು. ಉಳಿದದ್ದು ತೋರಲು ಕಾಲ ಹಿಡಿಯಿತು.

ಅದೇ ವರ್ಷದ ಚಳಿಗಾಲದಲ್ಲಿ ಆ ಹುಡುಗನನ್ನು ಊರಿನ ಗ್ರಂಥಾಲಯದಲ್ಲಿ ಕಂಡೆ. ಪತ್ರಿಕೆಗಳ ಮೇಜಿನ ಕೊನೆಯಲ್ಲಿ ಕುಳಿತು ತನ್ನದೇ ಪಠ್ಯಪುಸ್ತಕ ಓದುತ್ತಿದ್ದ. ಗ್ರಂಥಾಲಯದ ಪುಸ್ತಕಗಳು ಅವನಿಗೆ ಬೇಕಿರಲಿಲ್ಲ, ಬೇಕಾಗಿದ್ದುದು ಮೇಜು. ಮುಚ್ಚುವ ಹೊತ್ತಾಯಿತೆಂದು ಹೇಳಿದಾಗ ಪುಸ್ತಕ ಮಡಿಸಿಕೊಂಡು ಎದ್ದ. ಅದಾದ ಕೆಲವು ದಿನಗಳ ಮೇಲೆ ಅಕ್ಕನನ್ನು ರೈಲಿಗೆ ಹತ್ತಿಸಲು ರಾತ್ರಿ ನಿಲ್ದಾಣಕ್ಕೆ ಹೋದಾಗ ಪ್ಲಾಟ್‌ಫಾರಂ ದೀಪದ ಕೆಳಗೆ ಅವನೇ ಕುಳಿತಿದ್ದ. ಮನೆಯಲ್ಲಿ ದೀಪವಿಲ್ಲವೇ ಎಂದು ಕೇಳಿದೆ. “ಲೈಟ್ ಇದೆ ಸಾರ್. ಕೂರೋಕೆ ಜಾಗ ಇಲ್ಲ” ಎಂದ. ತಗಡು ಹೊದೆಸಿದ ಒಂದೇ ಕೋಣೆಯಲ್ಲಿ ಐದು ಜನ ಮಲಗುತ್ತಿದ್ದರಂತೆ. “ಚೆನ್ನಾಗಿ ಓದಪ್ಪಾ” ಎಂದು ಬೆನ್ನು ತಟ್ಟಿ ಮನೆಗೆ ಬಂದೆ. ನನ್ನ ಎರಡು ಮನೆಗಳು ಆಗಲೂ ಖಾಲಿಯೇ ಇದ್ದವು. ಮುಂದಿನ ಬೇಸಿಗೆಯ ಹೊತ್ತಿಗೆ ಆ ಸಂಸಾರ ಊರು ಬಿಟ್ಟಿತ್ತು.

ಗ್ರಂಥಾಲಯ, ವಸತಿ ಎಂಬ ಎರಡು ವಿಷಯಗಳನ್ನು ನಮ್ಮ ಸರ್ಕಾರಗಳು ಎರಡು ಇಲಾಖೆಗಳಲ್ಲಿಟ್ಟಿವೆ. ನಾವೂ ಎರಡಾಗಿಯೇ ಯೋಚಿಸುತ್ತೇವೆ. ಒಂದನ್ನು ಬಿಟ್ಟು ಇನ್ನೊಂದನ್ನು ಯೋಚಿಸುವುದು ಆ ಹುಡುಗನ ಮಾತು ಕೇಳಿದ ಮೇಲೆ ನನ್ನಿಂದ ಆಗಿಲ್ಲ. ಚಿಕ್ಕ ಮನೆಯಲ್ಲಿ ಇಲ್ಲದ ಕೋಣೆಯೇ ಗ್ರಂಥಾಲಯ. ಕಾನೂನು ಸಹ ಇವೆರಡನ್ನು ಒಂದು ಗಂಟಿನಲ್ಲಿ ಕಟ್ಟಿದೆಯೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಕಂದಾಯದ ರಸೀದಿಯನ್ನು ಕನ್ನಡಕ ಹಾಕಿಕೊಂಡು ಓದಿದಾಗ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ಮನೆ ಮತ್ತು ನಿವೇಶನಗಳ ತೆರಿಗೆಯ ಮೇಲೆ ಗ್ರಂಥಾಲಯ ಕರ ಸೇರುತ್ತದೆ. ಮೊದಲು ರೂಪಾಯಿಗೆ 3 ಪೈಸೆಯಿದ್ದುದು ಈಗ 6 ಪೈಸೆ. ಊರಿನ ಗ್ರಂಥಾಲಯ ನಿಂತಿರುವುದೇ ಊರಿನ ಮನೆಗಳ ತೆರಿಗೆಯ ಮೇಲೆ. ನಾನು ಕಟ್ಟುವ ಕಂದಾಯವನ್ನು ಬಾಡಿಗೆಯಲ್ಲಿ ಸೇರಿಸಿಯೇ ವಸೂಲು ಮಾಡುತ್ತೇನಾದ್ದರಿಂದ ಅದನ್ನು ನಿಜವಾಗಿ ಕೊಡುವವನು ಬಾಡಿಗೆದಾರ. ತಗಡಿನ ಕೋಣೆಗೆ ಬಾಡಿಗೆ ತೆತ್ತ ಹಮಾಲಿಯೂ ಆ ಮೇಜಿಗೆ ತನ್ನ ಪಾಲು ಕೊಟ್ಟಿದ್ದನೆಂದೇ ನಾನು ತಿಳಿಯುತ್ತೇನೆ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಸಕಾಲದಲ್ಲಿ ವರ್ಗಾಯಿಸುವುದಿಲ್ಲವೆಂಬ ದೂರು ರಾಜ್ಯದಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ವರ್ಷಕ್ಕೊಮ್ಮೆ ಪ್ರತಿ ಗ್ರಂಥಾಲಯದ ಬಾಗಿಲಲ್ಲಿ, ಈ ಊರಿನಿಂದ ವಸೂಲಾದ ಕರವೆಷ್ಟು, ಈ ಗ್ರಂಥಾಲಯಕ್ಕೆ ಬಂದದ್ದೆಷ್ಟು ಎಂದು ಬರೆದು ತೂಗುಹಾಕಬೇಕೆಂಬುದು ನನ್ನ ಮೊದಲನೆಯ ಸಲಹೆ. ಇದಕ್ಕೆ ಖರ್ಚಿಲ್ಲ. ಖರ್ಚಿಲ್ಲದ ಸುಧಾರಣೆಗಳೇ ನಮ್ಮಲ್ಲಿ ಕಠಿಣ.

ಪ್ರತಿ ವರ್ಷ ಒಮ್ಮೆಯಾದರೂ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೋಗಿ ಬಸ್ತಿಹಳ್ಳಿಯ ಬಸದಿಗಳ ದರ್ಶನ ಮಾಡುವುದು ನಮ್ಮ ಮನೆತನದ ಪದ್ಧತಿ. ಗಂಗರಾಜನ ಮಗ ಬೊಪ್ಪದೇವ ತನ್ನ ತಂದೆಯ ನೆನಪಿಗೆ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳಿವೆ. ಎದುರು ನಿಂತರೆ ನಮ್ಮ ಬಿಂಬ ಕಾಣುತ್ತದೆ. ಮಕ್ಕಳಿಗೆ ತದ್ಭವ ಪಾಠ ಮಾಡುವಾಗ ನಾನು ಕೊಡುತ್ತಿದ್ದ ಉದಾಹರಣೆ ಇದೇ ಮಾತು: ವಸತಿ ಎಂಬ ಸಂಸ್ಕೃತ ಶಬ್ದದ ವಕಾರ ಬಕಾರವಾಗಿ, ತಕಾರ ದಕಾರವಾಗಿ ಬಸದಿಯಾಯಿತು. ಬಸದಿಯೆಂದರೆ ಮನೆ. ಈ ಪಾಠವನ್ನು ಮೂವತ್ತು ವರ್ಷ ಮಾಡಿದವನ ಖಾಲಿ ವಸತಿಗೆ ಬೀಗವಿತ್ತೆಂಬುದನ್ನು ಆ ಕಂಬದ ಮುಂದೆ ನಿಂತಾಗ ನೆನೆಯದಿರಲು ಆಗುವುದಿಲ್ಲ. ನಮ್ಮ ಊರಿನ ಚರಿತ್ರೆಯೂ ನನ್ನ ಪರವಾಗಿಲ್ಲ. ಅರಸೀಕೆರೆಯಲ್ಲಿ 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ನಿರ್ಮಿಸಿದ ರೇಚರಸನಿಗಿದ್ದ ಬಿರುದು ‘ವಸುಧೈಕಬಾಂಧವ’.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ಮಾಡಬೇಕಾದ ನಾಲ್ಕು ದಾನಗಳನ್ನು ಹೇಳುವಾಗ ಆಹಾರ, ಔಷಧಗಳ ತರುವಾಯ ಉಪಕರಣ ಮತ್ತು ಆವಾಸಗಳನ್ನು ಒಂದೇ ಸಮಾಸದಲ್ಲಿ ಜೋಡಿಸಿದ್ದಾರೆ. ಉಪಕರಣದಲ್ಲಿ ಶಾಸ್ತ್ರಗ್ರಂಥವೂ ಸೇರುತ್ತದೆ. ಆವಾಸವೆಂದರೆ ಇರುವ ಸ್ಥಳ. ಪುಸ್ತಕವನ್ನೂ ಮನೆಯನ್ನೂ ಅಕ್ಕಪಕ್ಕದಲ್ಲಿಟ್ಟವರು ಅವರು. ಪ್ರತಿ ದಾನಕ್ಕೂ ಅವರು ಒಂದೊಂದು ದೃಷ್ಟಾಂತ ಕೊಡುತ್ತಾರೆ. ಆವಾಸದಾನಕ್ಕೆ ದೃಷ್ಟಾಂತ ರಾಜನಲ್ಲ, ಶ್ರೇಷ್ಠಿಯಲ್ಲ, ಒಂದು ಹಂದಿ. ಪ್ರಭಾಚಂದ್ರರ ಟೀಕೆಯಲ್ಲಿ ಆ ಕಥೆಯಿದೆ. ದೇವಿಲನೆಂಬ ಕುಂಬಾರ, ಧರ್ಮಿಲನೆಂಬ ನಾವಿದ, ಇಬ್ಬರೂ ಕೂಡಿ ದಾರಿಹೋಕರಿಗೆಂದು ಒಂದು ವಸತಿಯನ್ನು ಕಟ್ಟಿಸಿದರು. ದೇವಿಲ ಅದರಲ್ಲಿ ಒಬ್ಬ ಮುನಿಗೆ ಸ್ಥಳ ಕೊಟ್ಟ. ಧರ್ಮಿಲ ತನಗೆ ಬೇಕಾದ ಪರಿವ್ರಾಜಕನನ್ನು ತಂದಿರಿಸಿ, ಅವನೊಡಗೂಡಿ ಮುನಿಯನ್ನು ಹೊರಹಾಕಿದ. ಮುನಿ ಆ ರಾತ್ರಿಯನ್ನು ಮರದ ಬುಡದಲ್ಲಿ ಚಳಿ, ಸೊಳ್ಳೆಗಳನ್ನು ಸಹಿಸಿ ಕಳೆದರು. ಬೆಳಗ್ಗೆ ಇದೇ ಕಾರಣಕ್ಕೆ ಮಾಲೀಕರಿಬ್ಬರೂ ಹೊಡೆದಾಡಿ ಸತ್ತು, ಒಬ್ಬ ಹಂದಿಯಾಗಿಯೂ ಒಬ್ಬ ಹುಲಿಯಾಗಿಯೂ ಹುಟ್ಟಿದರು. ಮುಂದೆ ಗುಹೆಯಲ್ಲಿದ್ದ ಮುನಿಗಳನ್ನು ಹುಲಿಯಿಂದ ಕಾಯಲು ಹೋರಾಡಿ ಪ್ರಾಣಬಿಟ್ಟ ಹಂದಿಗೆ ಸ್ವರ್ಗವಾಯಿತು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಈ ಕಥೆ ಕೇಳಿದಾಗ ನನ್ನ ಲಕ್ಷ್ಯವೆಲ್ಲ ಹುಲಿ ಹಂದಿಗಳ ಕಾಳಗದ ಮೇಲಿತ್ತು. ಈಗ ಓದಿದರೆ, ಮನೆಗಳಿರುವ ಇಬ್ಬರು ಯಾರಿಗೆ ಒಳಗೆ ಸ್ಥಳ, ಯಾರಿಗೆ ಹೊರಗೆ ಎಂದು ತೀರ್ಮಾನಿಸಿದ ಕಥೆಯಾಗಿಯೇ ಅದು ತೋರುತ್ತದೆ.

ಇದು ಮುನಿಗಳಿಗೆ ಕೊಡುವ ದಾನದ ಮಾತು, ಮಂಡಿಯ ಹಮಾಲಿಗೆ ಅನ್ವಯಿಸುವುದಿಲ್ಲ ಎಂದು ಬಲ್ಲವರು ಹೇಳಬಹುದು. ಒಪ್ಪುತ್ತೇನೆ. ಆದರೆ ಜಿನಸೇನಾಚಾರ್ಯರು ದತ್ತಿಗಳಲ್ಲಿ ದಯಾದತ್ತಿಯನ್ನೂ ಎಣಿಸಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಆ ಮನುಷ್ಯ ದಾನ ಬೇಡಿರಲಿಲ್ಲ, ಬಾಡಿಗೆ ಕೊಡುತ್ತೇನೆಂದಿದ್ದ.

ಬೇಲೂರಿನ ಸಂಗತಿ ಬೇರೆ ಬಗೆಯದು. ಅಕ್ಕನ ಮನೆ ಚೆನ್ನಕೇಶವ ದೇವಾಲಯದ ಹತ್ತಿರದಲ್ಲಿದೆ. ಸ್ಮಾರಕಗಳ ಕಾನೂನಿಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡವಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಸಂತೋಷಪಟ್ಟೆವು; ಬಸ್ತಿಹಳ್ಳಿಯ ಕಂಬಗಳನ್ನು ನೋಡಿದವರಾರೂ ಇಂಥ ಕಾನೂನು ಬೇಡವೆನ್ನಲಾರರು. ಆದರೆ ಅಕ್ಕನ ಮನೆಯ ಹಿಂಗೋಡೆ ಮಳೆಗೆ ಕುಸಿದಾಗ ಯಾವ ಅರ್ಜಿ, ಎಲ್ಲಿಗೆ, ಯಾವ ನಕ್ಷೆಯೊಡನೆ ಎಂದು ಹೇಳುವವರು ಸಿಕ್ಕಲಿಲ್ಲ. ಕೊನೆಗೆ ಮಧ್ಯವರ್ತಿಯೊಬ್ಬ ಮೂರು ಸಾವಿರ ರೂಪಾಯಿ ತೆಗೆದುಕೊಂಡು ಅರ್ಜಿ ತುಂಬಿದ. ಅಷ್ಟರಲ್ಲಿ ಎರಡನೆಯ ಮಳೆಗಾಲ ಬಂದಿತ್ತು. ಅಕ್ಕ ಆ ಕಾಲವನ್ನೆಲ್ಲ ಅಡುಗೆಮನೆಗೆ ಟಾರ್ಪಾಲು ಕಟ್ಟಿಕೊಂಡು ಕಳೆದಳು. ಅನುಕೂಲವುಳ್ಳ ನಮ್ಮಂಥವರಿಗೇ ಹೀಗಾದರೆ, ಅದೇ ಬೀದಿಗಳಲ್ಲಿ ಬಾಡಿಗೆಗಿರುವವರ ಗತಿಯೇನು?

ಇಲ್ಲಿ ಗ್ರಂಥಾಲಯ ಮಾಡಬಹುದಾದ ಕೆಲಸವಿದೆ. ನಮ್ಮ ರಾಜ್ಯದ ಗ್ರಂಥಾಲಯ ಕಾನೂನಿನ ಹಿಂದೆ ಎಸ್.ಆರ್. ರಂಗನಾಥನ್ ಅವರ ವಿಚಾರಗಳ ಪ್ರಭಾವವಿದೆ. ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕವಿರುವುದು ಬಳಕೆಗೆ ಎಂಬ ಅರ್ಥದ್ದು. ನಾಲ್ಕನೆಯದು ಓದುಗನ ವೇಳೆಯನ್ನು ಉಳಿಸಬೇಕೆಂಬುದು. ಅಕ್ಕ ಕಳೆದುಕೊಂಡ ಒಂದು ವರ್ಷವೂ ಓದುಗನ ವೇಳೆಯೇ. ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ವಾರಕ್ಕೆರಡು ದಿನ ಒಬ್ಬರು ಕುಳಿತು ವಸತಿ ಯೋಜನೆಗಳ ಅರ್ಜಿ, ಹಕ್ಕುಪತ್ರದ ಅರ್ಜಿ, ಸ್ಮಾರಕದ ಸುತ್ತಲಿನ ರಿಪೇರಿಯ ಅರ್ಜಿ ಇವುಗಳನ್ನು ತುಂಬಿಕೊಡಲಿ. ಫಲಾನುಭವಿಗಳ ಪಟ್ಟಿ ಅಲ್ಲಿ ಯಾರು ಬೇಕಾದರೂ ತೆರೆದು ನೋಡುವಂತಿರಲಿ. ನಿವೃತ್ತ ಶಿಕ್ಷಕರು, ನಿವೃತ್ತ ಗುಮಾಸ್ತರು ಪ್ರತಿ ಊರಿನಲ್ಲಿಯೂ ಸಾಕಷ್ಟಿದ್ದೇವೆ. ಬೆಳಗಿನ ಪತ್ರಿಕೆ ಓದಿದ ಮೇಲೆ ನಮಗೆ ಬೇರೆ ಕೆಲಸವೂ ಇಲ್ಲ.

2015ರಲ್ಲಿ ಆರಂಭವಾದ ನಗರ ಪ್ರದೇಶದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲರ ಮನೆಗೆ 30 ಚದರ ಮೀಟರ್ ಅಳತೆಯೆಂದು ಗೊತ್ತುಪಡಿಸಿದರು. ಎಂದರೆ ಸುಮಾರು 320 ಚದರ ಅಡಿ. ನಮ್ಮ ವಠಾರದ ಮನೆಗಳೂ ಹೆಚ್ಚು ಕಡಿಮೆ ಅಷ್ಟೇ. ಸಮಂತಭದ್ರರ ಶಬ್ದವೇ ಆ ಯೋಜನೆಯ ಹೆಸರಿನಲ್ಲಿದೆಯೆಂಬುದನ್ನು ಪ್ರಾಸಂಗಿಕವಾಗಿ ಹೇಳುತ್ತೇನೆ. ಇಂಥ ಮನೆ ಸಣ್ಣದಾಯಿತೆಂದು ದೂರುವುದು ಸುಲಭ. ಬಡವನಿಗೆ ಕೈಗೆಟಕುವ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಲಾರದು. ಆದರೆ ನೂರು ಸಣ್ಣ ಮನೆಗಳಿಗೆ ಒಂದು ದೊಡ್ಡ ಕೋಣೆಯನ್ನು ಕೊಡಬಹುದಲ್ಲ! ಬಡಾವಣೆಯ ನಕ್ಷೆ ಮಾಡುವಾಗಲೇ ಒಂದು ನಿವೇಶನವನ್ನು ವಾಚನಾಲಯಕ್ಕೆಂದು ಗುರುತಿಸಿ, ಮನೆಗಳಿಗೆ ಮೊದಲು ಅದನ್ನು ಕಟ್ಟಬೇಕು. ಕೊನೆಗೆ ಕಟ್ಟುತ್ತೇವೆಂದು ಬಿಟ್ಟ ನಿವೇಶನದಲ್ಲಿ ಮುಂದೆ ಏನೇಳುತ್ತದೆಂಬುದನ್ನು ಎಲ್ಲ ಊರಿನವರೂ ಬಲ್ಲರು. ತೆರೆದಿಡುವ ಹೊತ್ತೂ ಮುಖ್ಯ. ಹಗಲಿನಲ್ಲಿ ಮಕ್ಕಳು ಶಾಲೆಯಲ್ಲಿರುತ್ತಾರೆ, ದೊಡ್ಡವರು ದುಡಿಮೆಯಲ್ಲಿರುತ್ತಾರೆ. ಚಿಕ್ಕ ಮನೆ ಅತ್ಯಂತ ಚಿಕ್ಕದೆನಿಸುವುದು ರಾತ್ರಿ ಏಳರಿಂದ ಹತ್ತರವರೆಗೆ. ಪರೀಕ್ಷೆಯ ತಿಂಗಳುಗಳಲ್ಲಿ ಬೆಳಗಿನ ಐದರಿಂದ ಏಳು. ಓದುವ ಕೋಣೆಯ ಬಾಗಿಲು ತೆರೆದಿರಬೇಕಾದದ್ದು ಆಗ.

ಹಳ್ಳಿಗಳಲ್ಲಿ ಒಳ್ಳೆಯ ಬದಲಾವಣೆಗಳಾಗಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರ ನವೆಂಬರಿನಲ್ಲಿ ಮೊದಲಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ನಗರಗಳ ಬಡಾವಣೆಗಳು ಈ ವಿಷಯದಲ್ಲಿ ಹಳ್ಳಿಯನ್ನು ನೋಡಿ ಕಲಿಯಬೇಕಾಗಿದೆ.

ಸರ್ಕಾರಕ್ಕೆ ಸಲಹೆ ಕೊಡುವುದು ನನ್ನಂಥವರಿಗೆ ಕಷ್ಟದ ಕೆಲಸವಲ್ಲ. ನಮ್ಮದೇ ಬೀಗಗಳ ಮಾತು ಬಂದಾಗ ಮಾತ್ರ ಗಂಟಲು ಕಟ್ಟುತ್ತದೆ. ಎಷ್ಟೋ ಊರುಗಳಲ್ಲಿ ನಮ್ಮ ಸಮಾಜದ ಛತ್ರ, ಪಾಠಶಾಲೆಗಳ ಕೋಣೆಗಳು ವರ್ಷದ ಬಹು ದಿನ ಮುಚ್ಚಿರುತ್ತವೆ; ಪುಸ್ತಕಗಳು ಗಾಜಿನ ಬೀರುವಿನೊಳಗಿದ್ದು ಕೀಲಿ ಯಾರ ಬಳಿಯಿದೆಯೆಂದು ವಿಚಾರಿಸಬೇಕಾಗುತ್ತದೆ. ಮೂಡಬಿದಿರೆಯ ಧವಲಾದಿ ಸಿದ್ಧಾಂತ ಗ್ರಂಥಗಳು ದೀರ್ಘಕಾಲ ದರ್ಶನಕ್ಕೆ ಮಾತ್ರ ಇದ್ದು, ಪ್ರತಿ ತೆಗೆಯುವ ಪ್ರಯತ್ನಗಳೆಲ್ಲ ಕಳೆದ ಮೇಲೆ 1939ರಲ್ಲಿ ಮೊದಲ ಸಂಪುಟ ಅಚ್ಚಾಗಿ ಹೊರಬಂತು. ಕಾಪಾಡಿದವರಿಗೆ ನಾವು ಋಣಿಗಳು. ಆದರೂ ಅದೇ ನಾಡಿನಲ್ಲಿ ಹತ್ತನೆಯ ಶತಮಾನದಲ್ಲಿಯೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದಳು. ಮನೆಗಳ ವಿಷಯಕ್ಕೆ ಬಂದರೆ, ತತ್ತ್ವಾರ್ಥಸೂತ್ರವು ಪರಿಗ್ರಹದ ಮಿತಿಯನ್ನು ಮೀರುವ ಬಗೆಗಳನ್ನು ಎಣಿಸುವಾಗ ಬೆಳ್ಳಿ ಬಂಗಾರಗಳಿಗಿಂತ ಮೊದಲು ಹೇಳಿರುವುದು ಕ್ಷೇತ್ರ ಮತ್ತು ವಾಸ್ತುಗಳನ್ನು, ಎಂದರೆ ಹೊಲ ಮನೆಗಳನ್ನು.

ಆಹಾರದ ಪ್ರಶ್ನೆಯನ್ನು ಜಾರಿಸಿ ಮುಂದೆ ಹೋಗಲಾರೆ. ಓದುಗರಲ್ಲಿ ಹಲವರು ಅದಕ್ಕಾಗಿಯೇ ಕಾಯುತ್ತಿರಬಹುದು. ಒಂದೇ ಗೋಡೆಯ ಆಚೆ ಈಚೆ ಇರುವವರಿಗೆ ವಾಸನೆಯೂ ಸಂಕಟವೇ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿದ್ದೇನೆ. ನನ್ನ ಫಲಕದಿಂದ ಒಂದು ಕೋಳಿಯ ಪ್ರಾಣವೂ ಉಳಿಯಲಿಲ್ಲ. ಆ ಸಂಸಾರ ತಗಡಿನ ಕೋಣೆಯಲ್ಲಿ ಹಬ್ಬಕ್ಕೆ ಮಾಡುವುದನ್ನು ಮಾಡಿಯೇ ಇರುತ್ತದೆ. ಉಳಿದದ್ದು ನನ್ನ ಗೋಡೆಯ ಶುದ್ಧಿ ಮಾತ್ರ. ಅದಕ್ಕೆ ಬೆಲೆ ತೆತ್ತವನು ಆ ಹುಡುಗ. ಅಹಿಂಸೆ ನನ್ನ ಅಡುಗೆಮನೆಯ ವ್ರತ. ಅದನ್ನು ಇನ್ನೊಬ್ಬನ ಅಡುಗೆಮನೆಗೆ ಬಾಡಿಗೆಯ ಕರಾರಾಗಿ ಬರೆದಾಗಲೂ ಅದು ಅಹಿಂಸೆಯಾಗಿಯೇ ಉಳಿಯುವುದೇ ಎಂಬುದು ನನ್ನ ಸಂಶಯ. ಇನ್ನೂ ಒಂದು ಮಾತು: “ಊಟ ತಿಂಡಿ ಹೇಗೆ” ಎಂದು ನಾನು ಎಲ್ಲರನ್ನೂ ಕೇಳುತ್ತಿರಲಿಲ್ಲ. ಹೆಗಲ ಮೇಲೆ ಗೋಣಿಯ ಧೂಳಿದ್ದವರನ್ನು ಮಾತ್ರ ಕೇಳುತ್ತಿದ್ದೆ.

ಬೆಂಗಳೂರಿನಲ್ಲಿರುವ ಮಗ ವಠಾರವನ್ನು ಮಾರಿ ಅಂಗಡಿ ಮಳಿಗೆ ಕಟ್ಟುವವರಿಗೆ ಕೊಡೋಣವೆನ್ನುತ್ತಾನೆ. ಮದುವೆಗೆ ಮೊದಲು ಒಂಟಿ ಹುಡುಗನೆಂಬ ಕಾರಣಕ್ಕೆ ಅವನಿಗೂ ಆ ನಗರದಲ್ಲಿ ನಾಲ್ಕು ಕಡೆ ಮನೆ ಸಿಕ್ಕಿರಲಿಲ್ಲ. ಸಿಕ್ಕಿದ ಮನೆಗೆ ಹತ್ತು ತಿಂಗಳ ಮುಂಗಡ ಕೊಟ್ಟ. ಅದನ್ನು ನೆನಪಿಸಿದರೆ ನಗುತ್ತಾನೆ. ಸದ್ಯಕ್ಕೆ ಮಾರುವುದಿಲ್ಲವೆಂದು ಹೇಳಿದ್ದೇನೆ.

ಕಳೆದ ವರ್ಷ ಫಲಕವನ್ನು ಇಳಿಸಿದೆವು. ಖಾಲಿಯಿದ್ದ ಮೂರು ಮನೆಗಳಲ್ಲಿ ಎರಡನ್ನು ಪ್ರಶ್ನೆ ಕೇಳದೆ ಬಾಡಿಗೆಗೆ ಕೊಟ್ಟೆವು. ಮುಂಗಡ ಎರಡು ತಿಂಗಳದು. ಇದನ್ನು ಕೇಳಿ ಹದಿನೆಂಟು ವರ್ಷದಿಂದ ಇದ್ದ ಹಳೆಯ ಬಾಡಿಗೆದಾರರೊಬ್ಬರು ಬೇಸರದಿಂದ ಮನೆ ಬಿಟ್ಟರು. ಅವರ ತಪ್ಪೆಂದು ಹೇಳಲಾರೆ; ಮೊದಲೇ ಅವರೊಡನೆ ಕುಳಿತು ಮಾತಾಡದಿದ್ದುದು ನನ್ನ ತಪ್ಪು. ನನ್ನ ಮನೆಯವರು ಹಬ್ಬದ ದಿನಗಳಲ್ಲಿ ಇಂದಿಗೂ ವಠಾರದ ಕಡೆ ಹೋಗುವುದಿಲ್ಲ. ಬೀದಿಗೆ ಮುಖಮಾಡಿದ ಮೂರನೆಯ ಮನೆಯ ಅಟ್ಟವನ್ನು ಇಳಿಸಿ, ಸುಣ್ಣ ಬಳಿಸಿ, ಎರಡು ಉದ್ದ ಮೇಜುಗಳನ್ನು ಹಾಕಿಸಿದ್ದೇವೆ. ರಾತ್ರಿ ಹತ್ತರವರೆಗೆ ದೀಪವಿರುತ್ತದೆ. ಈಗ ಒಂಬತ್ತು ಮಕ್ಕಳು ಬರುತ್ತಿದ್ದಾರೆ. ಪರೀಕ್ಷೆ ಸಮೀಪಿಸಿದಂತೆ ಹೆಚ್ಚಬಹುದು. ಒಂಬತ್ತು ಗಂಟೆಯ ಮೇಲೆ ಕೂರಲು ನನ್ನ ಕಣ್ಣು ಸಹಕರಿಸುವುದಿಲ್ಲವಾದ್ದರಿಂದ ಅಲ್ಲಿರಲು ಒಬ್ಬರು ಬೇಕಾಗಿದ್ದಾರೆ. ಹತ್ತನೆಯ ತರಗತಿಯ ಗಣಿತ, ವಿಜ್ಞಾನದ ಕನ್ನಡ ಮಾಧ್ಯಮದ ಪುಸ್ತಕಗಳು ಯಾರ ಮನೆಯಲ್ಲಾದರೂ ಉಪಯೋಗವಿಲ್ಲದೆ ಉಳಿದಿದ್ದರೆ ಕಳುಹಿಸಿಕೊಡಬೇಕೆಂದು ಓದುಗರಲ್ಲಿ ವಿನಂತಿ. ಬೀರು ಇಲ್ಲ, ಮೇಜಿನ ಮೇಲೆಯೇ ಇಡುತ್ತೇವೆ.